ಖಾಲಿ ಜಾಗಕ್ಕೆ ಒದ್ದ ಚೆಂಡು

ಮೊನ್ನೆ ಮೊಮ್ಮಗಳ ಮದುವೆಯ ಮಾತುಕತೆಗೆಂದು ಬಸವಕಲ್ಯಾಣಕ್ಕೆ ಹೋಗಿದ್ದೆ. ಬಸ್ಸಿಳಿದು ಕೋಟೆಯ ಕಡೆಗೆ ನಡೆಯುತ್ತಿದ್ದಾಗ ರಸ್ತೆಯ ಬದಿಗೆ ಕೂತು ಮೇದಾರರು ಬಿದಿರು ಸೀಳುತ್ತಿದ್ದರು. ಹಸಿ ಬಿದಿರು ಸೀಳಿದಾಗ ಏಳುವ ವಾಸನೆ ನೀರಲ್ಲಿ ನೆನೆದ ಹುಲ್ಲಿನಂಥದು, ಸ್ವಲ್ಪ ಸಿಹಿ. ಬಡಿಗತನ ಮಾಡಿಕೊಂಡೇ ಬದುಕಿದ ನನಗೆ ಸಾಗವಾನಿ, ಬೇವು, ಜಾಲಿ ಯಾವುದರ ವಾಸನೆಯೂ ಏನೂ ಮಾಡುವುದಿಲ್ಲ. ಹಸಿ ಬಿದಿರು ಮಾತ್ರ ಬೇರೆ. ಅಲ್ಲೇ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಜೊತೆಯಲ್ಲಿದ್ದ ಅಳಿಯ, ಮುದುಕನಿಗೆ ಬಿಸಿಲು ತಾಗಿತೆಂದು ಓಡಿಹೋಗಿ ನೀರು ತಂದ. ಬಿಸಿಲಲ್ಲ ಎಂದು ಅವನಿಗೆ ಹೇಳಲಿಲ್ಲ. ಮನೆಗೆ ಬಂದ ಮೇಲೆ ಇದನ್ನು ಬರೆಯಲು ಕೂತಿದ್ದೇನೆ.

ಅದು ನಿಜಾಮರ ಮೇಲೆ ಭಾರತದ ದಂಡು ಬಂದ ಮರುವರ್ಷದ ಚಳಿಗಾಲ, ನಲವತ್ತೊಂಬತ್ತರ ಕೊನೆ. ಬಸವಕಲ್ಯಾಣವನ್ನು ಆಗ ನಾವೆಲ್ಲ ಕಲ್ಯಾಣಿ ಎಂದೇ ಕರೆಯುತ್ತಿದ್ದೆವು. ನಮ್ಮ ಹುಮನಾಬಾದಿನಿಂದ ಹದಿನೈದು ಹದಿನಾರು ಮೈಲಿ. ನನಗೆ ಇಪ್ಪತ್ತೆರಡು ವರ್ಷ, ಅಪ್ಪನ ಜೊತೆ ಕೆಲಸ. ಚಿಕ್ಕಂದಿನಲ್ಲಿ ಮರ ಕೆತ್ತುವ ಬಾಚಿ ಬಿದ್ದು ಬಲಗಾಲಿನ ಎರಡು ಬೆರಳು ಹೋಗಿದ್ದರಿಂದ ನಾನು ಆಡುವವನಲ್ಲ. ಆದರೆ ಊರಿನ ಫುಟ್‌ಬಾಲ್ ತಂಡಕ್ಕೆ ಗೋಲಿನ ಕಂಬ ಮಾಡಿಕೊಡುವವನು ನಾನು, ಆಟದ ದಿನ ಬಾವುಟ ಹಿಡಿದು ಗೆರೆಯ ಬದಿಗೆ ನಿಲ್ಲುವವನು ನಾನು, ಎದುರಾಳಿಗಳ ಮೇಲೆ ಹಾಡು ಕಟ್ಟುವವನೂ ನಾನೇ. ಮೋನಪ್ಪನ ಹಾಡು ಅಂದರೆ ಸೋತವರು ಒಂದು ವರ್ಷ ನಮ್ಮ ಸಂತೆಗೆ ಬರಲು ಹಿಂಜರಿಯುತ್ತಿದ್ದರು.

ಆದರೆ ಕಲ್ಯಾಣಿಯವರ ಮೇಲೆ ಹಾಡು ಕಟ್ಟುವ ಭಾಗ್ಯ ನನಗೆ ಅಲ್ಲಿಯತನಕ ಬಂದಿರಲಿಲ್ಲ. ಸುತ್ತಲಿನ ಊರುಗಳಲ್ಲೆಲ್ಲ ಅವರದೇ ಮೇಲುಗೈ. ಗೆದ್ದವರಿಗೆ ಸಲ್ಲುವ ಮರದ ಶೀಲ್ಡು ಐದು ವರ್ಷ ಅವರ ಗೋಡೆಯಿಂದ ಕೆಳಗಿಳಿದಿರಲಿಲ್ಲ. ಗೆದ್ದಾಗಲೆಲ್ಲ ಅವರು ನಮ್ಮನ್ನು ಆಡಿಕೊಂಡದ್ದೂ ಕಡಿಮೆಯಲ್ಲ. ಒಂದು ವರ್ಷ ನಮ್ಮ ಗೋಲಿಗೆ ತೊಟ್ಟಿಲು ಕಟ್ಟಿ ಜೋಗುಳ ಹಾಡಿದರು. ಇನ್ನೊಂದು ವರ್ಷ ಹನ್ನೊಂದು ಜೊತೆ ಬಳೆ ಕಳಿಸಿದರು.

ಅವರ ಅಷ್ಟೂ ಸೊಕ್ಕಿಗೆ ಕಾರಣ ಒಬ್ಬ ಹುಡುಗ, ಹಮೀದ್. ಬಲಗಡೆಯ ಅಂಚಿನಲ್ಲಿ ಆಡುವವ. ರೈಟ್ ಔಟ್ ಎನ್ನುತ್ತಿದ್ದರು. ನಮ್ಮೆಲ್ಲರಿಗಿಂತ ಒಂದು ಗೇಣು ಎತ್ತರ. ಪಾತ್ರೆಗೆ ತವರದ ಕಲಾಯಿ ಹಾಕುವುದು ಅವನ ಮನೆತನದ ಕಸುಬು. ಹುಮನಾಬಾದಿನ ಓಣಿಗಳಿಗೂ ಬೆಂಕಿ ಊದುವ ತಿದಿ ಹೊತ್ತುಕೊಂಡು ಬರುತ್ತಿದ್ದ. ಕಲಾಯಿ ಹಾಕುವ ಮುಂಚೆ ತಾಮ್ರದ ಹಂಡೆಯೊಳಗೆ ಮರಳು ಹಾಕಿ, ಬರಿಗಾಲಲ್ಲಿ ಇಳಿದು, ಗೋಡೆ ಹಿಡಿದುಕೊಂಡು ಸೊಂಟ ತಿರುವುತ್ತ ಪಾದದಿಂದ ಉಜ್ಜುತ್ತಾರಲ್ಲ, ಹತ್ತು ವರ್ಷದವನಿದ್ದಾಗಿನಿಂದ ಅವನದು ಅದೇ ಕೆಲಸ. ಚೆಂಡು ಅವನ ಪಾದಕ್ಕೆ ಅಂಟಿಕೊಳ್ಳುತ್ತಿದ್ದುದು ಅದರಿಂದಲೇ ಎಂದು ನಮ್ಮ ಮನೆಯ ಹೆಂಗಸರು ಕೂಡ ಹೇಳುತ್ತಿದ್ದರು.

ಅವನನ್ನು ತಡೆಯಬೇಕಾದವನು ನನ್ನ ಜೀವದ ಗೆಳೆಯ ಸಂಗಪ್ಪ. ಬಂಡಿ ಹೊಡೆಯುವ ಒಕ್ಕಲಿಗರ ಹುಡುಗ, ಎತ್ತಿನಂಥ ಮೈ. ಪ್ರತಿ ವರ್ಷ ಹಮೀದ್ ಅವನನ್ನು ದಾಟಿಕೊಂಡು ಹೋಗುತ್ತಿದ್ದ, ಆಟ ಮುಗಿದ ಮೇಲೆ ಅವನ ಬೆನ್ನು ತಟ್ಟಿ, ಸಂಗಪ್ಪಣ್ಣ, ಬರೋ ವರ್ಷ ನಿಲ್ಲಸ್ತೀ ಬಿಡು, ಎಂದು ನಗುತ್ತಿದ್ದ. ಸಂಗಪ್ಪ ಮುಖ ತಿರುಗಿಸುತ್ತಿದ್ದ, ಆದರೆ ಮನೆಯ ಹಂಡೆಗೆ ಕಲಾಯಿ ಹಾಕಿಸಲು ಹಮೀದನೇ ಬರಲಿ ಎಂದು ಕಾಯುತ್ತಿದ್ದ.

ಆಮೇಲೆ ಎರಡು ವರ್ಷ ಆಟವಿರಲಿಲ್ಲ. ನಲವತ್ತೇಳರ ಮಳೆಗಾಲದಿಂದ ನಿಜಾಮರ ಪರವಾಗಿ ಬಂದೂಕು ಹಿಡಿದವರ ಗುಂಪುಗಳು ಹಳ್ಳಿಗಳ ಮೇಲೆ ಬೀಳತೊಡಗಿದವು. ಸಂಜೆಯಾಗುವ ಮೊದಲೇ ಬಾಗಿಲು ಹಾಕುವ ಕಾಲ. ಹೊಲಕ್ಕೆ ಹೋದ ಕೆಲವರು ತಿರುಗಿ ಬರಲಿಲ್ಲ. ನಲವತ್ತೆಂಟರ ಭಾದ್ರಪದದಲ್ಲಿ ದಂಡು ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ಅದರ ಹಿಂದೆಯೇ ಇನ್ನೊಂದು ಬಗೆಯ ಗುಂಪುಗಳು ಎದ್ದವು; ಅಲ್ಲಿಯವರೆಗೆ ಅಂಜಿದವರು ಅಂಜಿಸತೊಡಗಿದರು. ಕೆಲವೇ ವಾರ. ಆ ವಾರಗಳ ಬಗ್ಗೆ ನಮ್ಮ ಕಡೆ ಯಾರೂ ಮಾತಾಡಲಿಲ್ಲ. ಮಾತಾಡಿದರೆ, ನೀನು ಎಲ್ಲಿದ್ದಿ ಎಂಬ ಪ್ರಶ್ನೆ ಬರುತ್ತಿತ್ತು. ಕಲ್ಯಾಣಿಯ ಎಷ್ಟೋ ಮನೆಗಳಿಗೆ ಬೀಗ ಬಿದ್ದವು. ಹಮೀದ್ ಕಾಣೆಯಾದನೆಂದು ಕೇಳಿದೆವು. ಹೈದರಾಬಾದಿಗೆ ಹೋದ ಎಂದರು, ಗಡಿ ದಾಟಿದ ಎಂದರು. ನಮ್ಮ ಓಣಿಯ ಹಂಡೆಗಳಲ್ಲಿ ತಾಮ್ರ ಕಾಣತೊಡಗಿತು. ಬೇರೆ ಕಲಾಯಿಯವನು ಬರಲಿಲ್ಲ.

ನಲವತ್ತೊಂಬತ್ತರ ಡಿಸೆಂಬರಿನಲ್ಲಿ ಆಟ ಮತ್ತೆ ಶುರುವಾಯಿತು. ಕಲ್ಯಾಣಿಯವರು ನಮ್ಮ ಮೈದಾನಕ್ಕೆ ಬಂದರು. ಲಾರಿಯಿಂದ ಇಳಿದವರು ಹತ್ತೇ ಮಂದಿ. ಅವರ ನಾಯಕ ಗುಂಡೇರಾವ್, ಶಾಲೆಯ ಮಾಸ್ತರ, ತೆಳ್ಳಗಿನ ಮನುಷ್ಯ. ಹನ್ನೊಂದನೆಯವನೆಲ್ಲಿ ಎಂದು ರೆಫ್ರಿ ಕೇಳಿದ್ದಕ್ಕೆ, ಇಷ್ಟೇ ಮಂದಿ ಇದ್ದೀವ್ರಿ ಎಂದ. ಅವರ ಜೊತೆ ಬಂದ ಜನ ಇಪ್ಪತ್ತೂ ಇರಲಿಲ್ಲ. ಹಿಂದೆಲ್ಲ ಐದಾರು ಬಂಡಿ ತುಂಬ ಬರುತ್ತಿದ್ದರು.

ಮಧ್ಯಾಹ್ನದ ಮೂರು ಗಂಟೆ. ಚಳಿಗಾಲದ ಬಿಸಿಲು, ನೆರಳುಗಳೆಲ್ಲ ಉದ್ದ, ಗಾಳಿ ನಿಂತಿತ್ತು. ನಾನು ಅವರ ಬಲಗಡೆಯ ಗೆರೆಯ ಮೇಲೆ ನಿಂತಿದ್ದೆ, ಹಮೀದ್ ಓಡುತ್ತಿದ್ದ ಕಡೆ. ಅಲ್ಲಿ ಈಗ ಯಾರೂ ಇರಲಿಲ್ಲ. ಹತ್ತು ಮಂದಿ ಇದ್ದರೆ ಯಾವ ತಂಡವಾದರೂ ಒಬ್ಬನನ್ನು ಅತ್ತ ಸರಿಸುತ್ತದೆ. ಅವರು ಸರಿಸಲಿಲ್ಲ. ಆ ಜಾಗವನ್ನು ಹಾಗೇ ಬಿಟ್ಟು ಆಡಿದರು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಗುಂಡೇರಾವ್ ನಡುವಿನಿಂದ ಒಂದು ಚೆಂಡನ್ನು ಬಲಗಡೆಗೆ ಒದ್ದ. ಬಹಳ ಚಂದದ ಪಾಸು. ಅಲ್ಲಿ ತೆಗೆದುಕೊಳ್ಳುವವರಿಲ್ಲ. ಚೆಂಡು ಉರುಳಿ ಉರುಳಿ ನನ್ನ ಮುಂದೆಯೇ ಗೆರೆ ದಾಟಿತು. ನಮ್ಮ ಜನ ನಕ್ಕರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಹಾಗೇ ಒದ್ದ. ಮತ್ತೊಬ್ಬ ಒದ್ದ. ರೂಢಿ ಇದ್ದಿರಬೇಕು, ಐದು ವರ್ಷ ಕಣ್ಣು ಮುಚ್ಚಿ ಅತ್ತ ಒದ್ದ ಕಾಲುಗಳು. ಒದ್ದ ಮೇಲೆ ಅವರು ಒಂದು ಕ್ಷಣ ನಿಂತು ಅತ್ತ ನೋಡುತ್ತಿದ್ದರು. ಯಾರಿಗೆ ಕೊಡಾಕತ್ತೀರಿ, ದೆವ್ವಕ್ಕೇನು, ಎಂದು ಯಾರೋ ಕೂಗಿದರು. ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ನಾಲ್ಕನೆಯ ಚೆಂಡು ಜೋರಾಗಿ ಬಂತು. ಗೆರೆ ದಾಟುವುದು ಖಚಿತವೆಂದು ನಾನು ಬಾವುಟ ಎತ್ತಲು ಕೈ ತಯಾರು ಮಾಡಿಕೊಂಡಿದ್ದೆ. ಗೆರೆಗೆ ಎರಡು ಮಾರು ಇರುವಾಗ ಅದು ನಿಂತಿತು. ಉರುಳುವುದು ನಿಧಾನವಾಗಿ ನಿಂತದ್ದಲ್ಲ. ಯಾರೋ ಪಾದ ಇಟ್ಟು ಹಿಡಿದರೆ ನಿಲ್ಲುತ್ತದಲ್ಲ, ಹಾಗೆ. ಅಲ್ಲಿ ಗುಂಡಿಯಿರಲಿಲ್ಲ, ಕಲ್ಲಿರಲಿಲ್ಲ. ಆ ಬೆಳಿಗ್ಗೆ ಆ ಗೆರೆಯನ್ನು ಸುಣ್ಣದಲ್ಲಿ ಎಳೆದವನೇ ನಾನು, ಪ್ರತಿ ಗೇಣು ನೆಲ ನನಗೆ ಗೊತ್ತಿತ್ತು. ತಲೆ ಎತ್ತಿದಾಗ ಸಂಗಪ್ಪ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ. ಚೆಂಡು ಹಾಗೇ ಬಿದ್ದಿತ್ತು, ಬಂದು ಒದ್ದುಕೊಂಡು ಹೋಗಬೇಕಾದವನು ಅವನೇ. ಅವನು ಬರಲಿಲ್ಲ. ಅವನ ಕಣ್ಣು ಚೆಂಡಿನ ಮೇಲಿರಲಿಲ್ಲ, ಚೆಂಡಿನಿಂದ ಒಂದಾಳು ಮೇಲೆ ಇತ್ತು.

ಕೊನೆಗೆ ನಮ್ಮ ಇನ್ನೊಬ್ಬ ಆಟಗಾರ ಓಡಿಬಂದು ಚೆಂಡು ಒಯ್ದ. ನಾಲ್ಕು ಗೋಲಿನಿಂದ ಗೆದ್ದೆವು. ನಾನು ಕಂಡದ್ದನ್ನು ಯಾರಿಗೂ ಹೇಳಲಿಲ್ಲ. ಅಂಜಿಕೆಯಾದಾಗ ಬಾಯಿ ದೊಡ್ಡದು ಮಾಡುವ ಸ್ವಭಾವ ನನ್ನದು. ಅಲ್ಲೇ ನಿಂತ ನಿಲುವಿನಲ್ಲಿ ಹಾಡು ಕಟ್ಟಿದೆ:

ಕಲ್ಯಾಣಿ ಕುದುರಿ ಕುಂಟಾತೋ,
ಕಲಾಯಿ ಹೋಗಿ ತಾಮ್ರ ಕಂಡಾತೋ,
ಹಮೀದಾ ಹಮೀದಾ ಎಲ್ಲಿದ್ದೀ,
ಚೆಂಡು ಬಂದೈತಿ, ಎಲ್ಲಿದ್ದೀ.

ಇನ್ನೂರು ಜನ ಅದನ್ನು ಹಾಡುತ್ತ ಅವರ ಲಾರಿಯ ಸುತ್ತ ಕುಣಿದರು. ಎಲ್ಲರಿಗಿಂತ ದೊಡ್ಡ ದನಿ ಸಂಗಪ್ಪನದು. ಕೊರಳ ನರ ಉಬ್ಬಿ, ಕಣ್ಣಲ್ಲಿ ನೀರು ಬರುವತನಕ ಕೂಗಿದ. ಕಲ್ಯಾಣಿಯವರು ಒಬ್ಬೊಬ್ಬರಾಗಿ ಲಾರಿ ಹತ್ತಿದರು. ಗುಂಡೇರಾವ್ ಲಾರಿ ಹತ್ತುವ ಮುಂಚೆ ನನ್ನನ್ನು ನೋಡಿ, ಬರೋ ಆಯ್ತಾರ ಬಂದು ಶೀಲ್ಡ ಒಯ್ಯ್ರಿ, ಎಂದಷ್ಟೇ ಹೇಳಿದ.

ಗೆದ್ದವರು ಸೋತವರ ಊರಿಗೇ ಹೋಗಿ ಶೀಲ್ಡು ತರುವುದು ಪದ್ಧತಿ. ತೊಟ್ಟಿಲಿಗೂ ಬಳೆಗೂ ಒಟ್ಟಿಗೇ ಉತ್ತರ ಕೊಡುವ ಹಂಚಿಕೆ ನಮ್ಮದು. ಕಲ್ಯಾಣಿ ತಂಡ ಸತ್ತಿತೆಂದು ಒಂದು ಹೆಣ ಮಾಡಿ, ಅವರದೇ ಊರಿನ ಬೀದಿಯಲ್ಲಿ ಹೊತ್ತು ಮೆರೆಸುವುದು. ಕೆಲಸ ನನ್ನ ಪಾಲಿಗೆ ಬಂತು. ಹಸಿ ಬಿದಿರು ಸೀಳಿ ಚಟ್ಟ ಕಟ್ಟಿದೆ. ಹುಲ್ಲಿನ ಮೈ, ಒಡೆದ ಚೆಂಡಿನ ತಲೆ, ಮೇಲೆ ಬಿಳಿ ಬಟ್ಟೆ. ಕಟ್ಟುತ್ತಿದ್ದಾಗ ಸಂಗಪ್ಪ ಬಂದು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ. ಆಮೇಲೆ, ಇನ್ನೊಂದ ಗೇಣ ಉದ್ದ ಮಾಡು, ಎಂದ. ಯಾಕೆಂದು ಕೇಳಿದೆ. ಅಷ್ಟರಲ್ಲಿ ಹೊರಟುಹೋಗಿದ್ದ. ನಾನು ಅವನು ಹೇಳಿದಷ್ಟೇ ಉದ್ದ ಮಾಡಿದೆ. ಯಾಕೆ ಮಾಡಿದೆನೋ ತಿಳಿಯದು.

ಭಾನುವಾರ ಮಧ್ಯಾಹ್ನ ಲಾರಿಯಲ್ಲಿ ಮೂವತ್ತು ಮಂದಿ ಕಲ್ಯಾಣಿಗೆ ಹೋದೆವು. ಊರ ಹೊರಗೆ ಲಾರಿ ನಿಲ್ಲಿಸಿ, ಹಲಗೆ ಬಾರಿಸುತ್ತ ಒಳಗೆ ನಡೆದೆವು. ಮುಂದೆ ಬಲಗಡೆ ಸಂಗಪ್ಪ, ಎಡಗಡೆ ನಾನು, ಹಿಂದೆ ಇಬ್ಬರು, ಹೆಗಲ ಮೇಲೆ ಚಟ್ಟ. ಹಾಡು ನಡೆದಿತ್ತು.

ಮೊದಲ ಓಣಿ ದಾಟುವ ಹೊತ್ತಿಗೆ ಹಲಗೆ ಬಾರಿಸುವವನ ಕೈ ನಿಧಾನವಾಯಿತು. ಹಾಡುಹಗಲು, ತಲೆಯ ಮೇಲೆ ಬಿಸಿಲು. ಆದರೆ ಎರಡೂ ಬದಿಗೆ ಬೀಗ ಹಾಕಿದ ಬಾಗಿಲುಗಳು. ಕೆಲವು ಹೊಸ್ತಿಲುಗಳ ಮೇಲೆ ಹುಲ್ಲು ಮೊಳಕಾಲೆತ್ತರ ಬೆಳೆದಿತ್ತು. ಒಂದು ಮನೆಯ ಅಂಗಳದಲ್ಲಿ ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳು ಹಾಗೇ ಇದ್ದವು, ಎರಡು ಮಳೆಗಾಲ ಕಂಡು ಬಣ್ಣ ಹೋಗಿ ಬೂದಿಬಣ್ಣವಾಗಿದ್ದವು. ನಾಯಿ ಬೊಗಳಲಿಲ್ಲ. ಬಾಗಿಲು ತೆರೆದಿದ್ದ ಮನೆಗಳಲ್ಲಿ ಜನ ಎದ್ದು ನಿಂತರು. ಬೈಯುತ್ತಾರೆ, ಕಲ್ಲು ಎಸೆಯುತ್ತಾರೆ ಎಂದು ತಯಾರಾಗಿ ಬಂದಿದ್ದೆವು. ಅವರು ಸುಮ್ಮನೆ ಎದ್ದು ನಿಂತರು, ತಲೆಯ ಮೇಲೆ ಬಟ್ಟೆ ಎಳೆದುಕೊಂಡರು.

ಆಗ ಒಬ್ಬ ಮುದುಕ ಕಟ್ಟೆಯಿಂದಿಳಿದು ಬಂದು ನನ್ನ ಹಿಂದಿನವನ ಹೆಗಲ ಪಕ್ಕ ತನ್ನ ಹೆಗಲು ಕೊಟ್ಟ. ಹತ್ತು ಹೆಜ್ಜೆ ನಡೆದು ಬಿಟ್ಟುಕೊಟ್ಟ. ಇನ್ನೊಬ್ಬ ಬಂದ. ಮತ್ತೊಬ್ಬ ಬಂದ. ಹೋಗುತ್ತಿರುವ ಹೆಣಕ್ಕೆ ದಾರಿಹೋಕನೂ ನಾಲ್ಕು ಹೆಜ್ಜೆ ಹೆಗಲು ಕೊಡಬೇಕೆಂಬುದು ಮುಸಲ್ಮಾನರಲ್ಲಿ ರೂಢಿ. ಇದು ಆಟದ ಹೆಣವೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹುಲ್ಲೆಂದು ಹೇಳುವ ಧೈರ್ಯ ನಮಗೆ ಯಾರಿಗೂ ಆಗಲಿಲ್ಲ. ಹಲಗೆ ನಿಂತಿತು. ಹಾಡು ಮಾತ್ರ ಹಿಂದಿನ ಸಾಲಿನ ತಿಳಿಗೇಡಿಗಳ ಬಾಯಲ್ಲಿ ಎಳೆದಾಡುತ್ತಿತ್ತು: ಹಮೀದಾ ಹಮೀದಾ ಎಲ್ಲಿದ್ದೀ.

ಒಂದು ಬಾಗಿಲು ತೆರೆಯಿತು.

ಹೊರಗೆ ಬಂದವಳು ಅಮೀನಾಬಿ, ಹಮೀದನ ತಾಯಿ. ಮೈದಾನದಲ್ಲಿ ಒಮ್ಮೆ ಆಕೆಯನ್ನು ಕಂಡಿದ್ದೆ, ಗುರುತು ಸಿಕ್ಕಿತು. ಕೈಯಲ್ಲಿ ರೊಟ್ಟಿಯ ಹಿಟ್ಟು ಮೆತ್ತಿಕೊಂಡಿತ್ತು. ಅಳಲಿಲ್ಲ, ಓಡಿಬರಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದ ಬಸ್ಸು ಬಂದಾಗ ಏಳುವವರ ಹಾಗೆ ಬಂದು ಚಟ್ಟದ ಮುಂದೆ ನಿಂತಳು.

"ಎಲ್ಲಿ ಸಿಕ್ಕ ಬೇಟಾ?" ಎಂದಳು.

ನಾನು ಹೆಗಲ ಮೇಲಿನ ಬಿದಿರನ್ನು ಸರಿಪಡಿಸಿಕೊಂಡೆ. ಆಕೆ ನನ್ನನ್ನು ಬಿಟ್ಟು ಸಂಗಪ್ಪನ ಕಡೆ ನೋಡಿದಳು.

"ದೊಡ್ಡ ಹಾದಿ ಬಾಜೂಕ, ಹಾಳ ಬಾವ್ಯಾಗ್ರಿ," ಎಂದ.

ಮುದುಕಿಯನ್ನು ಸಮಾಧಾನ ಮಾಡಲು ಏನೋ ಹೇಳುತ್ತಿದ್ದಾನೆ ಎಂದುಕೊಂಡೆ. ಅವನು ಅಲ್ಲಿಗೆ ನಿಲ್ಲಿಸಲಿಲ್ಲ.

"ಇದರಾಗ ಅವ ಇಲ್ಲಮ್ಮ. ಇದರಾಗ ಹುಲ್ಲ ಐತಿ. ಅವ ಅಲ್ಲೇ ಅದಾನ."

"ನೀ ನೋಡೀಯೇನು?"

"ನೋಡೀನ್ರಿ. ದಂಡ ಬಂದ ಎಂಟ ದಿನಕ್ಕ. ಎತ್ತಿಗೆ ನೀರ ಕುಡಸಬೇಕಂತ ಬಗ್ಗಿ ನೋಡ್ದೆ."

"ಮಖ ಮ್ಯಾಲಿತ್ತೋ, ಕೆಳಗಿತ್ತೋ?"

"ಮ್ಯಾಲಿತ್ತರಿ."

ಅಮೀನಾಬಿ ಕೈಗೆ ಮೆತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು.

"ಹಂಗಾದ್ರ ಅವನೂ ನಿನ್ನ ನೋಡ್ಯಾನ," ಎಂದಳು.

ಸಂಗಪ್ಪ ಚಟ್ಟದಿಂದ ಹೆಗಲು ತೆಗೆದು ನೆಲಕ್ಕೆ ಕೂತ. ಚಟ್ಟದ ಮುಂಭಾಗವೆಲ್ಲ ನನ್ನ ಹೆಗಲಿಗೆ ಬಂತು. ಬಿದಿರು, ಹುಲ್ಲು, ಒಂದು ಹರಕು ಚೆಂಡು; ಚಿಕ್ಕ ಕೂಸು ಕೂಡ ಎತ್ತಬಹುದಾದಷ್ಟು ಭಾರ. ಮಾರನೆಯ ದಿನ ನೋಡಿಕೊಂಡಾಗ ನನ್ನ ಹೆಗಲ ಮೇಲೆ ಬೆರಳಗಲದ ಕಪ್ಪು ಬರೆ ಎದ್ದಿತ್ತು.

ಕೂತಲ್ಲೇ ಸಂಗಪ್ಪ ಎಲ್ಲ ಹೇಳಿದ. ಮುಖ ನೋಡಿದ ಕೂಡಲೇ ಗುರುತಿಸಿದ್ದ. ಹೇಳಿದರೆ ನೀನೇ ಹಾಕಿದೆ ಎಂದಾರು ಎಂಬ ಅಂಜಿಕೆ. ನಾಲ್ಕು ದಿನ ಬಿಟ್ಟು ಹೋಗಿ ನೋಡಿದಾಗ ಯಾರೋ ಬಾವಿಗೆ ಕಲ್ಲು ಮಣ್ಣು ತುಂಬಿಸಿದ್ದರು. ಅಂದಿನಿಂದ ಅವನು ಆ ದಾರಿಯಲ್ಲಿ ಬಂಡಿ ಹೊಡೆದಿರಲಿಲ್ಲ. ನನ್ನ ಜೊತೆ ದಿನಾ ಕೂತು ಚಹಾ ಕುಡಿದವನು, ಒಂದೂಕಾಲು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಆ ಹಾಡನ್ನು ಯಾಕೆ ಅಷ್ಟು ಜೋರಾಗಿ ಹಾಡಿದನೆಂದು ಆಗ ತಿಳಿಯಿತು. ಒಂದು ಗೇಣಿನ ಲೆಕ್ಕವೂ ತಿಳಿಯಿತು.

ಅಷ್ಟರಲ್ಲಿ ಗುಂಡೇರಾವ್ ಶೀಲ್ಡು ಹಿಡಿದುಕೊಂಡೇ ಓಡಿಬಂದಿದ್ದ. ವಿಷಯ ಕೇಳಿ ಅದನ್ನು ಗೋಡೆಗೆ ಒರಗಿಸಿದ. ಆ ದಿನ ಅದನ್ನು ತೆಗೆದುಕೊಳ್ಳುವ ನೆನಪು ನಮಗಾಗಲಿಲ್ಲ. ನಾನು ಹುಲ್ಲಿನ ಮೈಯನ್ನು ಬಿಚ್ಚಿ ಎಸೆಯಲು ಹೋದೆ. ಈ ಅಪಮಾನದ ವಸ್ತು ಆಕೆಯ ಕಣ್ಣ ಮುಂದಿರಬಾರದು ಎಂದಿತ್ತು. ಅಮೀನಾಬಿ ತಡೆದಳು. ಹುಲ್ಲು ತೆಗೆ, ಬಿದಿರು ಇರಲಿ ಎಂದಳು. ಅದರ ಮೇಲೇ ಅವನನ್ನು ತರಬೇಕೆಂದಳು. ನಾನು ಕ್ಷಮೆ ಕೇಳಬೇಕೆಂದು ತೊದಲಿದೆ, ಹಾಡು ಕಟ್ಟಿದವನು ನಾನೇ ಎಂದೆ. ಆಕೆಗೆ ಅದಕ್ಕೆ ಸಿಟ್ಟು ಬಂದಂತೆ ಕಾಣಲಿಲ್ಲ.

"ಒಂದೂಕಾಲ ವರ್ಸಾತು, ಈ ಓಣ್ಯಾಗ ಯಾರೂ ಅವನ ಹೆಸರ ತಗದಿದ್ದಿಲ್ಲ," ಎಂದಳು. "ನೀವ್ ಹೆಸರ ಹಿಡದ ಕೂಗಿದ್ರಿ. ಅದಕ್ಕ ಬಾಗಲ ತಗದೆ."

ಮರುದಿನ ಪೊಲೀಸರಿಗೆ ತಿಳಿಸಿ ಬಾವಿಯ ಹತ್ತಿರ ಹೋದೆವು. ಅವರು ಬಂದು ನೋಡಿ ಬರೆದುಕೊಂಡರು. ಗುಂಡೇರಾವ್, ಹಮೀದನ ಸೋದರಮಾವ, ಕಲ್ಯಾಣಿ ತಂಡದ ಹುಡುಗರು, ನಮ್ಮ ತಂಡದ ಆರು ಮಂದಿ, ಸಂಗಪ್ಪ, ನಾನು, ಇಷ್ಟು ಜನ ಕೆಲಸಕ್ಕೆ ನಿಂತೆವು. ಸುತ್ತ ತೊಗರಿ ಹೊಲ, ಕಾಯಿ ಒಣಗಿ ಗಾಳಿಗೆ ಗಲಗಲ ಎನ್ನುತ್ತಿತ್ತು. ಎರಡು ದಿನ ಕಲ್ಲು ಎತ್ತಿದೆವು. ಸಂಗಪ್ಪ ಬಾವಿಯಿಂದ ಮೇಲೆ ಬರಲೇ ಇಲ್ಲ. ಅನ್ನವನ್ನೂ ಬುಟ್ಟಿಯಲ್ಲಿ ಇಳಿಸಿಕೊಟ್ಟೆವು. ಎರಡನೆಯ ದಿನ ಮಧ್ಯಾಹ್ನ ಕೆಳಗಿನಿಂದ, ಸಿಕ್ಕ, ಎಂದ. ಕೊರಳಿನ ತಾಯಿತದಿಂದ ಗುರುತು ಹತ್ತಿತು. ತಾಮ್ರದ ತಾಯಿತಕ್ಕೆ ಹಮೀದ್ ತಾನೇ ಕಲಾಯಿ ಹಾಕಿಕೊಂಡಿದ್ದ.

ಸ್ವಲ್ಪ ಹೊತ್ತು ಬಿಟ್ಟು ಸಂಗಪ್ಪನ ದನಿ ಮತ್ತೆ ಬಂತು, ಬೇರೆ ದನಿ. ಕೆಳಗೆ ಇನ್ನೊಬ್ಬನಿದ್ದಾನೆ ಎಂದ.

ಹಮೀದನ ಅಡಿಯಲ್ಲಿ, ಅವನಿಗಿಂತ ಮುಂಚೆ ಬಿದ್ದವನು. ಯಾವಾಗಿನವನು, ಯಾರ ಕೈಯಲ್ಲಿ ಸತ್ತವನು, ಯಾವ ಜಾತಿಯವನು, ಹೇಳಲು ಒಂದು ಕುರುಹೂ ಇರಲಿಲ್ಲ. ತಾಯಿತವಿಲ್ಲ, ಲಿಂಗವಿಲ್ಲ, ಜನಿವಾರವಿಲ್ಲ. ಮೈಗೆ ಹತ್ತಿಕೊಂಡ ಅಂಗಿಯ ಚೂರಿಗೆ ಮಣ್ಣಿನ ಬಣ್ಣ ಬಿಟ್ಟು ಬೇರೆ ಬಣ್ಣವಿರಲಿಲ್ಲ. ಇವನನ್ನು ಯಾರು ಒಯ್ಯಬೇಕು, ಯಾವ ಮಣ್ಣಿಗೆ ಕೊಡಬೇಕು ಎಂದು ಬಾವಿಯ ದಂಡೆಯಲ್ಲಿ ಮಾತು ಶುರುವಾಯಿತು. ನಮ್ಮ ಜೊತೆ ಬಂದು ಬಂಡಿಯಲ್ಲಿ ಕೂತಿದ್ದ ಅಮೀನಾಬಿ ಇಳಿದು ಬಂದಳು. ತನ್ನ ಮಗನ ಜೊತೆ ಇಷ್ಟು ದಿನ ಮಲಗಿದವನನ್ನು ಇಲ್ಲಿ ಒಬ್ಬನನ್ನೇ ಬಿಟ್ಟುಹೋಗುವುದು ಹೇಗೆ, ಇಬ್ಬರನ್ನೂ ತನ್ನಿ ಎಂದಳು. ನಾನು ಅಲ್ಲೇ ಕೂತು ಇನ್ನೊಂದು ಚಟ್ಟ ಕಟ್ಟಿದೆ.

ಕಲ್ಯಾಣಿಯ ಕಬರಸ್ತಾನದ ಒಂದು ಮೂಲೆಯಲ್ಲಿ ಇಬ್ಬರನ್ನೂ ಅಕ್ಕಪಕ್ಕ ಮಣ್ಣು ಮಾಡಿದರು. ಹಮೀದನಿಗೆ ಮೊದಲ ಹಿಡಿ ಮಣ್ಣು ಅವನ ಸೋದರಮಾವ ಹಾಕಿದ. ಇನ್ನೊಬ್ಬನಿಗೆ ಹಾಕುವವರಿರಲಿಲ್ಲ. ಸಂಗಪ್ಪ ಮುಂದೆ ಬಂದು ಹಾಕಿದ.

ಇಲ್ಲಿಗೆ ಮುಗಿಯಿತೆಂದು ನಾವು ತಿಳಿದೆವು. ಮರಳುವಾಗ ಅಮೀನಾಬಿ ಸಂಗಪ್ಪನಿಗೆ, ಆ ಇನ್ನೊಬ್ಬನ ಮನ್ಯಾಗೂ ಯಾರೋ ಬಾಗಲ ನೋಡ್ಕೋತ ಕುಂತಿರ್ತಾರ, ಎಂದಳು. ಅಷ್ಟೇ. ಮಾರನೆಯ ವಾರದಿಂದ ಸಂಗಪ್ಪ ಬಂಡಿ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗತೊಡಗಿದ. ಕೊಡಂಬಲ, ಮನ್ನಾಏಖೇಳ್ಳಿ, ಹುಡಗಿ ಎಂಬ ಊರುಗಳು, ಅವುಗಳ ನಡುವಿನ ಸಣ್ಣ ಹಳ್ಳಿಗಳು. ಕೆಲವು ಸಲ ನಾನೂ ಹೋದೆ. ಊರ ಕಟ್ಟೆಯ ಮೇಲೆ ಕೂತು, ನಿಮ್ಮಲ್ಲಿ ಯಾರಾದರೂ ಹೋದವರು ತಿರುಗಿ ಬಾರದವರು ಇದ್ದಾರೆಯೇ ಎಂದು ಕೇಳುವುದು. ಒಬ್ಬರ ಮನೆ ಸಿಕ್ಕರೆ ಸಾಕೆಂದು ಹೊರಟಿದ್ದೆವು. ಇಲ್ಲ ಎಂದ ಊರು ಒಂದೂ ಸಿಗಲಿಲ್ಲ. ಕೇಳುತ್ತಲೇ ಗಂಡಸರು ತಲೆ ತಗ್ಗಿಸುತ್ತಿದ್ದರು, ಮನೆಗಳೊಳಗಿಂದ ಹೆಂಗಸರು ಬರುತ್ತಿದ್ದರು, ಹಿಂದೂಗಳೂ ಮುಸಲ್ಮಾನರೂ.

ಕೊಡಂಬಲದಲ್ಲಿ ಒಬ್ಬ ಮುದುಕಿ ಸಂಗಪ್ಪನ ಕೈ ಹಿಡಿದುಕೊಂಡು, ಅಂಗಿ ಯಾವ ಬಣ್ಣದ್ದಿತ್ತು ಎಂದು ಕೇಳಿದಳು.

"ನೀಲಿ ಇತ್ತೇನು? ನೀಲಿ ಅನ್ನಪಾ," ಎಂದಳು.

ಸಂಗಪ್ಪ ನನ್ನ ಕಡೆ ನೋಡಿದ. ನಾನು ಬೇರೆ ಕಡೆ ನೋಡಿದೆ.

"ನೀಲಿ ಇತ್ತಬೇ ಯವ್ವಾ," ಎಂದ.

ಆ ಮುದುಕಿ ಅಲ್ಲೇ ನೆಲಕ್ಕೆ ಕೂತು, ಎರಡು ವರ್ಷದ ಅಳುವನ್ನೆಲ್ಲ ಅತ್ತಳು. ಅತ್ತು ಮುಗಿದ ಮೇಲೆ ನಮಗೆ ಮಜ್ಜಿಗೆ ತಂದುಕೊಟ್ಟಳು. ಅವಳ ಮುಖ ಬೇರೆಯಾಗಿತ್ತು, ಜ್ವರ ಇಳಿದವರ ಮುಖದ ಹಾಗೆ. ಆಮೇಲೆ ಒಂದು ವಾರಕ್ಕೆ ಮನ್ನಾಏಖೇಳ್ಳಿಯಲ್ಲಿ ಒಬ್ಬ ಮುಸಲ್ಮಾನ ಹೆಂಗಸು, ಎರಡು ಮಕ್ಕಳ ತಾಯಿ, ಗಂಡ ಹಸಿರು ಪಟ್ಟಿಯ ಅಂಗಿ ತೊಟ್ಟುಕೊಂಡು ಹೋಗಿದ್ದ ಎಂದಳು. ಸಂಗಪ್ಪ ಈ ಸಲ ನನ್ನ ಕಡೆ ನೋಡಲಿಲ್ಲ. ಹೌದು, ಹಸಿರು ಪಟ್ಟಿ ಇತ್ತು ಎಂದ.

ಅದು ತಪ್ಪೆಂದು ನಾನು ಅವನ ಜೊತೆ ಜಗಳವಾಡಿದೆ. ಒಬ್ಬನೇ ಒಬ್ಬ ಸತ್ತವನು ಎಷ್ಟು ಮನೆಗೆ ಮಗನಾಗುತ್ತಾನೆ, ಗಂಡನಾಗುತ್ತಾನೆ ಎಂದೆ. ಕಾಣೆಯಾದವರಲ್ಲಿ ಯಾರಾದರೂ ಬದುಕಿದ್ದು ನಾಳೆ ಬಂದುಬಿಟ್ಟರೆ ಎಂದೆ. ಬರಲಿ ಎಂದ.

ಐವತ್ತರ ಬೇಸಿಗೆಯ ಹೊತ್ತಿಗೆ ಆ ಹೆಸರಿಲ್ಲದ ಗೋರಿಗೆ ಜನ ಬರತೊಡಗಿದರು. ಕೊಡಂಬಲದ ಮುದುಕಿ ಅಮಾವಾಸ್ಯೆಗೆ ಬರುತ್ತಿದ್ದಳು. ಮನ್ನಾಏಖೇಳ್ಳಿಯ ಹೆಂಗಸು ಶುಕ್ರವಾರಕ್ಕೆ ಬರುತ್ತಿದ್ದಳು. ಅಮೀನಾಬಿ ಇಬ್ಬರಿಗೂ ನೀರು ಕೊಟ್ಟು, ಜೊತೆಯಲ್ಲಿ ಬಂದು ಜಾಗ ತೋರಿಸುತ್ತಿದ್ದಳು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ. ಸಂಗಪ್ಪ ಮಾಡಿದ್ದು ಆಕೆಗೆ ಗೊತ್ತಿತ್ತು. ಅವನನ್ನು ಏನೂ ಕೇಳಲಿಲ್ಲ.

ಒಂದು ಅಮಾವಾಸ್ಯೆ ಶುಕ್ರವಾರವೇ ಬಂತು. ಅಂದು ಹಮೀದನ ಗೋರಿಯ ತಲೆಗೆ ಕಲ್ಲು ನಿಲ್ಲಿಸಲು ಅಮೀನಾಬಿ ನಮ್ಮನ್ನು ಕರೆಸಿದ್ದಳು. ಕಲ್ಲಿನ್ನೂ ಬಂಡಿಯಲ್ಲಿತ್ತು. ಮನ್ನಾಏಖೇಳ್ಳಿಯ ಹೆಂಗಸು ಮಕ್ಕಳನ್ನು ಕರೆದುಕೊಂಡು ಬಂದು ಹೆಸರಿಲ್ಲದ ಗೋರಿಯ ಮುಂದೆ ಕೂತಿದ್ದಳು. ಹೂ ಹಾಕಿ, ಕಣ್ಣು ಮುಚ್ಚಿ, ಕೈ ಎತ್ತಿ ಬೇಡುತ್ತಿದ್ದಳು. ಅದೇ ಹೊತ್ತಿಗೆ ಕಬರಸ್ತಾನದ ಬಾಗಿಲಲ್ಲಿ ಕೊಡಂಬಲದ ಮುದುಕಿ ಕಾಣಿಸಿಕೊಂಡಳು, ಸೆರಗಿನಲ್ಲಿ ತೆಂಗಿನಕಾಯಿ ಕಟ್ಟಿಕೊಂಡು. ಅವಳ ಕಣ್ಣು ಮಂಜು, ಪ್ರತಿ ಸಲವೂ ಕೈ ಹಿಡಿದೇ ಕರೆತರಬೇಕು. ಸಂಗಪ್ಪ ಸಲಿಕೆ ನೆಲಕ್ಕಿಟ್ಟ.

ಅಮೀನಾಬಿ ಎದ್ದು ಹೋಗಿ ಮುದುಕಿಯ ಕೈ ಹಿಡಿದಳು. ನಿಧಾನವಾಗಿ ಕರೆದುಕೊಂಡು ಬಂದಳು. ಹೆಸರಿಲ್ಲದ ಗೋರಿಯ ಹತ್ತಿರ ನಿಲ್ಲಲಿಲ್ಲ, ಒಂದು ಹೆಜ್ಜೆ ಮುಂದೆ ನಡೆಸಿ, ಹಮೀದನ ಗೋರಿಯ ಮುಂದೆ ಕೂರಿಸಿದಳು.

"ಇಲ್ಲೇ ಅದಾನ್ರಿ ನಿಮ್ಮ ಮಗ. ಕುಂದರ್ರಿ," ಎಂದಳು.

ಮುದುಕಿ ಮಣ್ಣನ್ನು ಕೈಯಿಂದ ಸವರಿದಳು, ತಲೆಯಿಂದ ಕಾಲಿನವರೆಗೆ. ಆಮೇಲೆ ತೆಂಗಿನಕಾಯಿ ಒಡೆದಳು. ಅಮೀನಾಬಿ ಎರಡೂ ಗೋರಿಗಳಿಂದ ದೂರ ಸರಿದು ಬೇವಿನ ಗಿಡದ ಕೆಳಗೆ ನಿಂತಳು, ಅಲ್ಲಿ ಮಲಗಿದವರು ಯಾರೂ ತನಗೆ ಏನೂ ಆಗಬೇಕಿಲ್ಲ ಎಂಬವಳಂತೆ.